ನೀರುಗಂಟಿಗೆ ಒಂದು ದಿನದ ನಿದ್ದೆ

ಕಂಪ್ಯೂಟರನ್ನು ಆರಿಸುವುದು ಎಂಬ ಕೆಲಸವೇ ಲೋಕದಿಂದ ಮಾಯವಾದರೆ ಏನಾಗುತ್ತದೆ? ಕರಡಿಹಾಳದ ಜನ ಆ ಪ್ರಶ್ನೆಯನ್ನು ಎಂದೂ ಕೇಳಿಕೊಂಡವರಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ: ಅಖಂಡ ಬಂದ ಮೇಲೆ ದಿಬ್ಬದ ಮೇಲಿನ ಖಣಿ ಪ್ಲಾಟಿಗೆ ನೀರು ಏರುವುದು ಕಡಿಮೆಯಾಗಿದೆ.

ಅಖಂಡ ಎಂಬುದು ಹೊಸ ಆಪರೇಟಿಂಗ್ ಸಿಸ್ಟಮ್. ಅದಕ್ಕೆ ಮುಂಚಿನವೆಲ್ಲ ಒಂದೊಂದು ಪೆಟ್ಟಿಗೆಯೊಳಗೆ ಕೂತು ಕೆಲಸ ಮಾಡುತ್ತಿದ್ದವು; ಪೆಟ್ಟಿಗೆ ಕೆಟ್ಟರೆ ಕೆಲಸವೂ ಕೆಡುತ್ತಿತ್ತು. ಅಖಂಡಕ್ಕೆ ಪೆಟ್ಟಿಗೆಯೇ ಇಲ್ಲ. ನಾಡಿನ ಉದ್ದಗಲಕ್ಕೂ ಇರುವ ಯಂತ್ರಗಳ ಮೇಲೆ ಅದು ಒಂದೇ ಜಮಖಾನೆಯಂತೆ ಹಾಸಿಕೊಂಡಿತ್ತು. ಒಂದು ಯಂತ್ರ ಸುಸ್ತಾಯಿತು ಎನ್ನುವಷ್ಟರಲ್ಲಿ ಅದರ ಮೇಲಿದ್ದ ಪ್ರೋಗ್ರಾಂ ಇನ್ನೊಂದಕ್ಕೆ ಹೋಗಿರುತ್ತಿತ್ತು. ಸೋಫಾದ ಮೇಲೆ ಮಲಗಿಬಿಟ್ಟ ಮಗುವನ್ನು ಎಚ್ಚರವಾಗದಂತೆ ಎತ್ತಿ ಹಾಸಿಗೆಗೆ ಹಾಕುತ್ತೇವಲ್ಲ, ಹಾಗೆ. ಆಸ್ಪತ್ರೆ, ರೈಲು, ಬ್ಯಾಂಕು ಎಲ್ಲ ಅಖಂಡದ ಮೇಲೇರಿ ಆಗಿತ್ತು. ಯಾವುದೂ ನಿಲ್ಲುತ್ತಿರಲಿಲ್ಲ, ಯಾವುದೂ ಮರೆಯುತ್ತಿರಲಿಲ್ಲ. ಆರಿಸುವ ಗುಂಡಿಯನ್ನು ಅದನ್ನು ಮಾಡಿದವರು ಇಟ್ಟೇ ಇರಲಿಲ್ಲ.

ಕರಡಿಹಾಳದ ನೀರು ಹಂಚುತ್ತಿದ್ದ ಪ್ರೋಗ್ರಾಂ ಇದಕ್ಕಿಂತ ಬಹಳ ಹಳೆಯದು. ಹೆಸರು ನೀರುಗಂಟಿ. ಕೆರೆಯ ತೂಬು ತೆರೆದು ಸರದಿಯಂತೆ ಗದ್ದೆಗಳಿಗೆ ನೀರು ಬಿಡುವವನನ್ನು ಕೋಲಾರದ ಕಡೆ ಹಾಗೆನ್ನುತ್ತಾರೆ. ಆ ಕಡೆಯಿಂದ ಇಲ್ಲಿಯ ಎಂಜಿನಿಯರಿಂಗ್ ಕಾಲೇಜಿಗೆ ಬಂದಿದ್ದ ಮೇಷ್ಟ್ರೊಬ್ಬರು ತಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಬರೆಸಿ ಇಟ್ಟ ಹೆಸರು ಅದು. ಊರವರ ಬಾಯಲ್ಲಿ ಅದು ಬರೀ ‘ಗಂಟಿ’ ಆಯಿತು. ಕಾಲೇಜು ಮುಚ್ಚಿತು, ಬರೆದವರು ಚದುರಿದರು, ಬರೆದ ಮೂಲವೂ ಎಲ್ಲಿ ಹೋಯಿತೋ ಗೊತ್ತಿಲ್ಲ. ಉಳಿದದ್ದು ಓಡುತ್ತಿರುವ ಗಂಟಿ ಮಾತ್ರ. ತೆರೆದು ನೋಡಿ ತಿದ್ದಲು ಬರುವಂತಿರಲಿಲ್ಲ, ಆದರೆ ಓಣಿ ಓಣಿಗೂ ನೀರು ಮುಟ್ಟಿಸುತ್ತಿತ್ತು.

ಹಳೆಯ ಸಿಸ್ಟಮ್‌ಗಳನ್ನೆಲ್ಲ ಜಾಲದಿಂದ ಕಿತ್ತುಹಾಕಬೇಕೆಂದು ಆದೇಶ ಬಂದಾಗ ಗಂಟಿಯನ್ನು ಅಖಂಡದ ಮೇಲೆ ಏರಿಸಿದವಳು ನೀರು ಸರಬರಾಜು ಕಂಟ್ರೋಲ್ ರೂಮಿನ ಎಂಜಿನಿಯರ್ ಇಂಚರಾ ಮಡಿವಾಳರ. ಅದಕ್ಕಾಗಿ ಅವಳು ‘ಕವಚ’ ಎಂಬ ತೆಳುವಾದ ಪದರವೊಂದನ್ನು ಕಟ್ಟಿದ್ದಳು. ಕವಚದೊಳಗೆ ಕೂತ ಗಂಟಿಗೆ ತಾನಿನ್ನೂ ಹಳೆಯ ಪೆಟ್ಟಿಗೆಯಲ್ಲೇ ಇದ್ದೇನೆಂಬ ನಂಬಿಕೆ. ಅದು ಹಳೆಯ ಗಡಿಯಾರ ಕೇಳಿದರೆ ಕವಚ ಹಳೆಯ ಗಡಿಯಾರ ತೋರಿಸುತ್ತಿತ್ತು. ಹಳೆಯ ಭಾಷೆಯಲ್ಲಿ ‘ವಾಲ್ವ್ ತೆರೆ’ ಎಂದರೆ ಕವಚ ಅದನ್ನು ಹೊಸ ಭಾಷೆಗೆ ತಿರುಗಿಸಿ ಅಖಂಡಕ್ಕೆ ದಾಟಿಸುತ್ತಿತ್ತು. ಓಡುತ್ತಿದ್ದ ಗಂಟಿಯನ್ನು ನಿಲ್ಲಿಸದೆ, ಅದರ ನೆನಪಿನ ಸಮೇತ ಎತ್ತಿ ಹೊಸ ಮನೆಗೆ ತಂದಿದ್ದಳು. ಬೇರೆ ಜಿಲ್ಲೆಗಳಲ್ಲಿ ಯಾರೂ ಮಾಡದ ಕೆಲಸ. ಅವಳಿಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆ.

ಒಂದು ವರ್ಷ ಪರೀಕ್ಷೆಯ ಕಾಲ. ಆ ವರ್ಷ ಈಗ ಮುಗಿಯುತ್ತ ಬಂದಿತ್ತು.

* * *

“ಮೇಡಂ, ನಾನು ನಿಮ್ಮ ಶತ್ರು ಅಲ್ಲ,” ಎಂದ ಸಮರ್ಥ್ ಬೆಳವಾಡಿ. ಬೆಂಗಳೂರಿನಲ್ಲಿರುವ ರಾಜ್ಯದ ಜಲ ಮಂಡಳಿಯಿಂದ ಪರಿಶೀಲನೆಗೆ ಬಂದ ಅಧಿಕಾರಿ. ವಯಸ್ಸಿನಲ್ಲಿ ಚಿಕ್ಕವನು, ಮಾತಿನಲ್ಲಿ ಮರ್ಯಾದಸ್ಥ, ಶರ್ಟಿನ ತೋಳು ಮಡಚಿದ್ದ. ಗೋಡೆಯ ಮೇಲೆ ವರ್ಷದ ನಕ್ಷೆ ತೆರೆದಿಟ್ಟಿದ್ದ. “ಆದರೆ ಈ ಗೆರೆ ನೋಡಿ. ಖಣಿ ಪ್ಲಾಟಿನ ಟ್ಯಾಂಕು. ದಸರಾ ಕಳೆದ ಮೇಲೆ ಇಳಿಯೋಕೆ ಶುರುವಾದದ್ದು ಇಳೀತಾನೇ ಇದೆ. ಈಗ ತಳ ಕಾಣ್ತಿದೆ.”

“ಗಂಟಿ ಒಂದ ದಿನಾನೂ ತಪ್ಪಿಲ್ರೀ,” ಎಂದಳು ಇಂಚರಾ. “ಯಾವ ವಾಲ್ವ್ ಯಾವಾಗ ತೆರೀಬೇಕೋ ಅವಾಗ ತೆರದೈತಿ. ಒಂದೂ ಎರರ್ ಇಲ್ಲ.”

“ಎರರ್ ಇಲ್ಲದೇ ತಪ್ಪು ಮಾಡ್ತಿದೆ. ಅದು ಇನ್ನೂ ಕಷ್ಟ. ವಯಸ್ಸಾಯ್ತು ಮೇಡಂ ಅದಕ್ಕೆ. ಜಲಸೂತ್ರ ಹಾಕೋಣ.”

ಜಲಸೂತ್ರ ಮಂಡಳಿಯದೇ ಹೊಸ ಪ್ರೋಗ್ರಾಂ, ಅಖಂಡಕ್ಕಾಗಿಯೇ ಹುಟ್ಟಿದ್ದು. ಮನೆಮನೆಯ ಮೀಟರು ಓದಿ, ಎಲ್ಲಿ ಬಳಕೆ ಹೆಚ್ಚೋ ಅಲ್ಲಿಗೆ ಹೆಚ್ಚು ನೀರು ಕಳಿಸುತ್ತಿತ್ತು. ಇಂಚರಾ ಅದನ್ನು ಓದಿ ತಿಳಿದಿದ್ದಳು.

“ಬಂದದ್ದನ್ನ ಬಳಸ್ತಾರ್ರೀ. ಬರದೇ ಇದ್ದದ್ದನ್ನ ಹೆಂಗ ಬಳಸೂದು? ಖಣಿ ಪ್ಲಾಟಿನ ಮೀಟರ್ ತಿರುಗಲಿಲ್ಲ ಅಂದ್ರ, ಇವರಿಗೆ ಬಾಯಾರಿಕಿನ ಇಲ್ಲ ಅಂತ ತಿಳಕೊಂತೈತಿ ನಿಮ್ಮ ಜಲಸೂತ್ರ. ಮರುದಿನ ಇನ್ನೂ ಕಡಿಮಿ ಕಳಸತೈತಿ.”

ಮೂಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದ ದಾದಾಪೀರ್ ನದಾಫ ಲೋಟ ಕೆಳಗಿಟ್ಟ. ಊರಿನ ವಾಲ್ವುಗಳ ಮೇಲ್ವಿಚಾರಕ. ಗಂಟಿ ಹುಟ್ಟಿದ ಕೆಲವೇ ವರ್ಷಕ್ಕೆ ಕೆಲಸಕ್ಕೆ ಸೇರಿದವನು. “ನಮ್ಮ ಮಾವನ ಮನ್ಯಾಗ ಹಿಂಗ ಇತ್ರೀ ಸಾಹೇಬ್ರ. ಅಳಿಯಾ ಎರಡನೇ ಸಲ ಕೇಳಲಿಲ್ಲ, ಹೊಟ್ಟಿ ತುಂಬೈತಿ ಅಂತ ತಾಟ ಎತ್ತಿಬಿಡ್ತಿದ್ರು.”

ಸಮರ್ಥ್ ನಕ್ಕ. ಆದರೆ ನಕ್ಷೆ ಮುಚ್ಚಲಿಲ್ಲ. “ಸರಿ. ಮುಂದಿನ ಬುಧವಾರ ನಾನು ವರದಿ ಕಳಿಸಬೇಕು. ಅಷ್ಟರಲ್ಲಿ ಆ ಗೆರೆ ಮೇಲೆ ಏರಬೇಕು. ಏರದಿದ್ದರೆ ಜಲಸೂತ್ರ. ಖಣಿ ಪ್ಲಾಟಿಗೆ ಟ್ಯಾಂಕರ್ ವ್ಯವಸ್ಥೆ ಮಾಡಿಸ್ತೀನಿ.”

“ಟ್ಯಾಂಕರ್ ಅಂದ್ರ ಗೊತ್ತೇನ್ರೀ ನಿಮಗ? ಅದರ ಹಿಂದ ಓಡೀರೇನು?”

ಇಂಚರಾಳ ಮನೆ ಖಣಿ ಪ್ಲಾಟಿನಲ್ಲೇ ಇದೆಯೆಂದು ಅವನಿಗೆ ಗೊತ್ತಿತ್ತು. ಊರಿಗೂ ಗೊತ್ತಿತ್ತು.

“ಬುಧವಾರದೊಳಗ ಹುಡುಕ್ತೀನಿ,” ಎಂದಳು. ದಣಿದಿದ್ದಳು, ಆದರೆ ಹೆದರಿರಲಿಲ್ಲ. ಪ್ರೋಗ್ರಾಂ ಎಂದರೆ ಯಾರೋ ಮನುಷ್ಯರು ಯೋಚಿಸಿ ಬರೆದದ್ದು. ಮನುಷ್ಯರು ಯೋಚಿಸಿದ್ದನ್ನು ಇನ್ನೊಬ್ಬರು ಯೋಚಿಸಿ ಮುಟ್ಟಬಹುದು.

* * *

ಖಣಿ ಪ್ಲಾಟು ಊರಿನ ತುದಿಯ ದಿಬ್ಬ. ಹಿಂದೆ ಅಲ್ಲಿ ಕಲ್ಲು ತೆಗೆಯುವ ಖಣಿ ಇತ್ತು; ಅಲ್ಲಿ ಒಡೆದ ಕಲ್ಲಿನಿಂದಲೇ ಕಟ್ಟಿದ ಮನೆಗಳು. ಪ್ರತಿ ಮನೆಯ ಮುಂದೆಯೂ ಒಂದು ಗುಂಡಿ, ಗುಂಡಿಯ ತಳದಲ್ಲಿ ನಳ. ನೀರು ಮೇಲಕ್ಕೆ ಬರದಿದ್ದರೆ ನಳವನ್ನೇ ಕೆಳಕ್ಕೆ ಇಳಿಸುವುದು ಅಲ್ಲಿಯವರ ಎಂಜಿನಿಯರಿಂಗು. ಈ ವರ್ಷ ಎಲ್ಲರೂ ಗುಂಡಿಯನ್ನು ಇನ್ನೊಂದು ಮೆಟ್ಟಿಲು ಆಳ ತೋಡಿದ್ದರು.

ಸಂಜೆ ಇಂಚರಾ ಮನೆಗೆ ಬಂದಾಗ ಅತ್ತೆ ಸ್ವಪ್ನಕ್ಕ ಗುಂಡಿಯೊಳಗೆ ಕೂತಿದ್ದಳು. ನಳದ ಬಾಯಿಗೆ ಚರಿಗೆ ಹಿಡಿದು, ತೊಟ್ಟಿಕ್ಕುವುದನ್ನು ಕೊಡಕ್ಕೆ ಸುರಿಯುತ್ತಿದ್ದಳು. ತಲೆ ಮಾತ್ರ ಮೇಲೆ ಕಾಣುತ್ತಿತ್ತು.

“ಬಂದ್ಯಾ? ನೀರಿನ ಸಾಹೇಬ್ರು ಬಂದ್ರು ನೋಡ್ರೆವಾ,” ಎಂದಳು ಪಕ್ಕದ ಗುಂಡಿಯವಳಿಗೆ ಕೇಳುವಂತೆ.

“ಮ್ಯಾಲ ಬರ್ರಿ ಅತ್ತಿ, ನಾ ಕೂಡತೀನಿ.”

“ನೀ ಕೂತ್ರ ಬರತೈತೇನು? ಅದೂ ಎಂಜಿನಿಯರ್ ನೋಡಿ ಹೆದರಿ ಬರೂದ ಬಿಟ್ಟೀತು.”

ಒಳಗೆ ಮಗಳು ಧೃತಿ ಅರ್ಧ ಬಕೀಟು ನೀರಿನಲ್ಲಿ ಸ್ನಾನ ಮುಗಿಸಿ, ಅದೇ ನೀರಿನಲ್ಲಿ ತನ್ನ ಯೂನಿಫಾರ್ಮು ಅದ್ದಿಟ್ಟಿದ್ದಳು. ಆರು ವರ್ಷದ ಮಗುವಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಅದನ್ನು ನೋಡಿ ಇಂಚರಾಳಿಗೆ ಮೆಚ್ಚಬೇಕೋ ಅಳಬೇಕೋ ತಿಳಿಯಲಿಲ್ಲ. ಗಂಡ ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಲಸದಲ್ಲಿದ್ದ, ಶನಿವಾರವೇ ಬರುವುದು. ಅವಳು ಕುಕ್ಕರು ಇಟ್ಟು, ಮಗುವಿನ ತಲೆ ಒರೆಸಿ, ಹೊರಗೆ ಬಂದು ಗುಂಡಿಯ ಅಂಚಿನಲ್ಲಿ ಕೂತಳು.

“ಮುಂದಿನ ವಾರ ಸರಿ ಆಗತೈತ್ರೀ.”

“ನಿಂದು ಅದ ಮಾತು. ಹೋದ ತಿಂಗಳಾನೂ ಅದ ಅಂದಿ.” ಸ್ವಪ್ನಕ್ಕ ಚರಿಗೆ ಬದಲಿಸಿದಳು. “ನಿಮ್ಮ ಆ ಹೊಸಾದು ಬಂದಾಗಿಂದನ ಹಿಂಗ. ನನಗ ಅವತ್ತ ಗೊತ್ತಾಗಿತ್ತು, ಇದು ಕೆಡತೈತಿ ಅಂತ.”

“ಯಾವತ್ತ?”

“ದಸರಾಕ್ಕ. ಈ ಸಲ ಬನ್ನಿ ನೀರ ಬರಲಿಲ್ಲಲ್ಲ.”

ಇಂಚರಾ ನಕ್ಕಳು. ಬನ್ನಿ ನೀರು ಎಂಬುದು ಖಣಿ ಪ್ಲಾಟಿನವರ ಒಂದು ನಂಬಿಕೆ. ವಿಜಯದಶಮಿಯ ಮುಂಜಾನೆ, ಜನ ಬನ್ನಿ ಎಲೆ ಕೊಟ್ಟು ತೆಗೆದುಕೊಳ್ಳಲು ಹೊರಡುವ ಹೊತ್ತಿಗೆ, ಸರದಿ ಇರಲಿ ಇಲ್ಲದಿರಲಿ, ನಳಗಳೆಲ್ಲ ಒಮ್ಮೆ ಕೆಮ್ಮಿ, ಒಂದು ಚರಿಗೆಯಷ್ಟು ನೀರು ಉಗುಳಿ ಸುಮ್ಮನಾಗುತ್ತಿದ್ದವು. ಹೆಂಗಸರು ಅದನ್ನು ಹಿಡಿದು ಹೊಸ್ತಿಲಿಗೆ ಚಿಮುಕಿಸುತ್ತಿದ್ದರು. ಮದುವೆಯಾಗಿ ಬಂದ ಮೊದಲ ವರ್ಷ ಇಂಚರಾಳೂ ನಿದ್ದೆಗಣ್ಣಿನಲ್ಲಿ ಚರಿಗೆ ಹಿಡಿದು ನಿಂತಿದ್ದಳು.

“ಅದು ಪೈಪಿನ ಗಾಳಿ ಅತ್ತಿ. ಪಂಪು ಶುರು ಮಾಡಿದಾಗ ಗಾಳಿ...”

ಮಾತು ಅಲ್ಲಿಗೇ ನಿಂತಿತು.

“ಗಾಳಿ ಏನು?” ಎಂದಳು ಸ್ವಪ್ನಕ್ಕ.

“ನಮ್ಮ ಓಣ್ಯಾಗ ಅಷ್ಟ ಬರ್ತಿತ್ತೇನ್ರೀ ಬನ್ನಿ ನೀರು? ಊರಿಗೆಲ್ಲ ಬರ್ತಿತ್ತೇನು?”

“ಊರಿಗೆಲ್ಲ ಬರ್ತಿತ್ತು. ನನ್ನ ತಂಗಿ ಅಗಸಿ ಓಣ್ಯಾಗ ಇರಾಕಿಲ್ಲೇನು? ಆಕಿಗೆ ನಮಗಿಂತ ಮದಲ ಬರ್ತಿತ್ತು. ಆಕಿಗೆ ಬಂದು ಆದ ಮ್ಯಾಲ ಗೌಳೇರ ಓಣಿ. ಎಲ್ಲಾರಿಗೂ ಆಗಿ ಕಡೀಕ ನಮಗ. ಎಲ್ಲಾದ್ರಾಗೂ ನಾವ ಕಡೀಕ.”

ಒಂದಾದ ಮೇಲೊಂದು ಓಣಿ. ಪೈಪಿನ ಗಾಳಿ ಹೋಗುವುದಾದರೆ ಎಲ್ಲ ಕಡೆ ಒಟ್ಟಿಗೇ ಹೋಗಬೇಕು. ಗಾಳಿ ಸರದಿ ನಿಂತು ಬರುವುದಿಲ್ಲ. ಇದನ್ನು ಯಾರೋ ಮಾಡಿಸುತ್ತಿದ್ದರು.

ಕುಕ್ಕರು ಕೂಗಿತು. ಅವಳು ಏಳಲಿಲ್ಲ. ಮತ್ತೆ ಕೂಗಿತು. “ಅಕ್ಕಿ ಸೀದೀತು ಎದ್ದೇಳ,” ಎಂದಳು ಅತ್ತೆ.

* * *

“ಪೀರಣ್ಣ, ಖಂಡೇಪೂಜಿ ದಿನ ನೀವು ಏನೇನ ಮಾಡ್ತಿದ್ರಿ, ಒಂದೊಂದ ಹೇಳ್ರಿ,” ಎಂದಳು ಮುಂಜಾನೆ ಕಂಟ್ರೋಲ್ ರೂಮಿಗೆ ಕಾಲಿಡುತ್ತಲೇ. ಆಯುಧಪೂಜೆಗೆ ಈ ಕಡೆ ಖಂಡೇಪೂಜೆ ಎನ್ನುತ್ತಾರೆ.

ದಾದಾಪೀರ್ ಗಾಬರಿಯಾದ. “ಯಾಕ್ರೀ ಮೇಡಮ್ಮಾರ, ಯಾರರೆ ಕಂಪ್ಲೇಂಟ ಕೊಟ್ಟಾರೇನು?”

“ಇಲ್ಲ. ಹೇಳ್ರಿ.”

“ಏನೈತ್ರೀ ಹೇಳೂದು. ನವಮಿ ದಿನ ಮುಂಜಾನೆ ಎಲ್ಲಾ ಬಂದ ಮಾಡೂದು. ಪಂಪು, ಬೋರ್ಡು, ಗಂಟಿ ಪೆಟಿಗಿ, ಎಲ್ಲಾ. ಒರಸೂದು, ತೊಳೆಯೂದು. ವಿಭೂತಿ ಕುಂಕುಮ ಹಚ್ಚಾವ್ರು ಹಿರೇಮಠ ಸ್ವಾಮ್ಯಾರು, ಕುಂಬಳಕಾಯಿ ನಿಂಬಿಹಣ್ಣು ತರೂದು ನನ್ನ ಪಾಳಿ. ಅವತ್ತ ಯಾವ ಯಂತ್ರಾನೂ ಮುಟ್ಟಂಗಿಲ್ಲ. ಮರುದಿನ ದಶಮಿ ಮುಂಜಾನೆ ಕಾಯಿ ಒಡದು ಚಾಲೂ ಮಾಡೂದು.”

“ಹೋದ ದಸರಾಕ್ಕ?”

“ಹೋದ ದಸರಾಕ್ಕ ಪೆಟಿಗಿನ ಇರಲಿಲ್ಲಲ್ರೀ. ಈ ಟೀವಿ ಪರದೇಕ್ಕ ಕುಂಕುಮ ಹಚ್ಚಿ, ಹಾರ ಹಾಕಿದ್ವಿ. ಬಂದ ಮಾಡೂಣಂತ ಸ್ವಿಚ್ ಹುಡುಕಿದೆ, ಸಿಗಲಿಲ್ಲ. ನೀವ ಅಂದ್ರಿ, ಅಖಂಡಕ್ಕ ಸ್ವಿಚ್ ಇಲ್ಲ ಪೀರಣ್ಣ, ಹಂಗ ಕೈ ಮುಗೀರಿ ಅಂತ. ಮುಗದೆ.”

ಇಂಚರಾ ಕುರ್ಚಿ ಎಳೆದುಕೊಂಡು ಕೂತಳು. ಕವಚದ ಮೂಲಕ ಗಂಟಿಯ ನೆನಪನ್ನು ಇಣುಕಿ ನೋಡಬಹುದಿತ್ತು. ತಿದ್ದುವುದು ಸಾಧ್ಯವಿರಲಿಲ್ಲ, ನೋಡಬಹುದಿತ್ತು. ಒಂದೊಂದು ಓಣಿಯ ಪೈಪಿಗೂ ಗಂಟಿ ಒಂದೊಂದು ಅಂಕೆ ಇಟ್ಟುಕೊಂಡಿತ್ತು: ಈ ಪೈಪಿನಲ್ಲಿ ನೀರು ಎಷ್ಟು ಸಲೀಸಾಗಿ ಹೋಗುತ್ತದೆ ಎಂಬ ಲೆಕ್ಕ. ಇಷ್ಟು ದಿನ ಆ ಅಂಕೆಗಳು ಸರಿಯೇ ತಪ್ಪೇ ಎಂದು ನೋಡಿದ್ದಳೇ ಹೊರತು, ಅವು ಯಾವಾಗಿನವು ಎಂದು ನೋಡಿರಲಿಲ್ಲ. ಈಗ ನೋಡಿದಳು. ಎಲ್ಲವೂ ಹಿಂದಿನದಕ್ಕೂ ಹಿಂದಿನ ದಸರೆಯವು. ಅದಾದ ಮೇಲೆ ಒಂದೂ ಬದಲಾಗಿರಲಿಲ್ಲ.

ಪೇಟೆಯಲ್ಲಿ ಕೊಡ ಕೊಳ್ಳುವಾಗ ಬೆರಳಿನಿಂದ ತಟ್ಟಿ ಕಿವಿಗೊಡುತ್ತಾರೆ. ಬಿರುಕಿದ್ದರೆ ಸದ್ದಿನಲ್ಲೇ ತಿಳಿಯುತ್ತದೆ. ಗಂಟಿ ಮಾಡುತ್ತಿದ್ದದ್ದು ಅದನ್ನೇ. ಎದ್ದ ಕೂಡಲೇ ಒಂದೊಂದೇ ವಾಲ್ವನ್ನು ತಟ್ಟನೆ ತೆರೆದು ಮುಚ್ಚುತ್ತಿತ್ತು. ಆ ಹೊಡೆತಕ್ಕೆ ಪೈಪಿನೊಳಗೆ ಒತ್ತಡದ ಅಲೆಯೊಂದು ಓಡಿ, ತುದಿ ಮುಟ್ಟಿ, ಮರಳಿ ಬರುತ್ತಿತ್ತು. ಬಂದ ಅಲೆಯ ವೇಗ, ಬಲ ನೋಡಿ ಗಂಟಿ ತಿಳಿದುಕೊಳ್ಳುತ್ತಿತ್ತು: ಇಲ್ಲಿ ಸುಣ್ಣ ಕಟ್ಟಿದೆ, ಅಲ್ಲಿ ಸೋರುತ್ತಿದೆ, ಇನ್ನೊಂದು ಕಡೆ ಯಾರೋ ಹೊಸ ಕವಲು ಎಳೆದಿದ್ದಾರೆ. ಊರನ್ನು ಹೊಸದಾಗಿ ಅರಿತು, ಆ ವರ್ಷದ ಸರದಿ ಹಾಕುತ್ತಿತ್ತು. ಆ ತಟ್ಟಿದ ನೀರೇ ಬನ್ನಿ ನೀರು.

ಬರೆದ ಹುಡುಗರು ಈ ಊರಿನವರೇ. ವರ್ಷಕ್ಕೊಮ್ಮೆ ಯಂತ್ರ ಹೇಗೂ ನಿಂತೇ ನಿಲ್ಲುತ್ತದೆ, ಎದ್ದಾಗ ತಟ್ಟಿ ನೋಡಿದರಾಯಿತು ಎಂದು ಅವರು ಅಂದುಕೊಂಡಿದ್ದಿರಬೇಕು. ಖಂಡೇಪೂಜೆಗೂ ನಿಲ್ಲದ ಯಂತ್ರವೊಂದು ಭೂಮಿಯ ಮೇಲೆ ಇರಬಹುದೆಂದು ಅವರ ತಲೆಗೆ ಹೊಳೆದೇ ಇರಲಿಲ್ಲ. ತಾನು ಗಂಟಿಯನ್ನು ಎಚ್ಚರಿಸದೆ ಎತ್ತಿ ತಂದೆನೆಂದು ಇಂಚರಾ ಬೀಗಿದ್ದಳು. ಎಚ್ಚರಿಸಬೇಕಾಗಿದ್ದದ್ದೇ ಆಗ.

“ಗಂಟಿ ಮುದುಕ ಆಗಿಲ್ಲ ಪೀರಣ್ಣ,” ಎಂದಳು. “ನಿದ್ದಿ ಇಲ್ಲದ ದುಡ್ಯಾಕತ್ತೈತಿ. ಎರಡ ವರ್ಷದ ಹಿಂದಿನ ಊರು ನೆನಪಿನ್ಯಾಗ ಇಟಗೊಂಡು ಇವತ್ತಿನ ಊರಿಗೆ ನೀರ ಬಿಡಾಕತ್ತೈತಿ.”

“ಮತ್ತ ಮಲಗಸೂಣಲ್ರೀ.”

“ಅಖಂಡ ಬಿಡಂಗಿಲ್ಲಲ್ಲ.”

ಅದು ನಿಜವಾಗಿತ್ತು. ಗಂಟಿಯನ್ನು ನಿಲ್ಲಿಸಿದರೆ ಅಖಂಡ ಅದನ್ನು ಆ ಕ್ಷಣದ ನೆನಪಿನ ಸಮೇತ ಕಾಪಿಟ್ಟು, ಮತ್ತೆ ಅಲ್ಲಿಂದಲೇ ಓಡಿಸುತ್ತಿತ್ತು. ತಾನು ನಿಂತಿದ್ದೆ ಎಂದು ಗಂಟಿಗೆ ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೆ ಗೊತ್ತಾಗಬೇಕಾದರೆ ದಾರಿ ಒಂದೇ. ಕವಚ ಇನ್ನೊಂದು ಸುಳ್ಳು ಹೇಳಬೇಕು: ಕರೆಂಟು ಹೋಯಿತು ಎಂದು.

* * *

ಬರೆಯುವ ಕೆಲಸ ದೊಡ್ಡದಾಗಿರಲಿಲ್ಲ. ಸಮರ್ಥನನ್ನು ಒಪ್ಪಿಸುವುದು ದೊಡ್ಡದಾಯಿತು.

“ಕೆಲಸದ ದಿನ ಇಡೀ ಊರಿನ ನೀರು ನಿಲ್ಲಿಸ್ತೀರಾ? ಎಲ್ಲ ವಾಲ್ವ್ ಮುಚ್ಚಿ?”

“ಮುಚ್ಚದಿದ್ರ ಅಲಿ ತಿರುಗಿ ಬಂದದ್ದು ಗೊತ್ತಾಗೂದಿಲ್ರೀ. ಗದ್ದಲದಾಗ ಕೊಡ ತಟ್ಟಿ ನೋಡಿದಂಗ ಆಗತೈತಿ.”

“ದಸರಾಗೆ ಮಾಡಿ.”

“ನಿಮ್ಮ ಬುಧವಾರ ದಸರಾತನಕ ಕಾಯತೈತೇನು?”

ಅವನು ಪೆನ್ನು ತಿರುಗಿಸುತ್ತ ಕೂತ. “ನೆನಪು ಅಳಿಸಿದ ಮೇಲೆ ಅದು ಸರಿಯಾಗಿ ಏಳದಿದ್ದರೆ? ಹಳೇ ಅಂಕಿನೂ ಇಲ್ಲ, ಹೊಸದೂ ಇಲ್ಲ. ಖಣಿ ಪ್ಲಾಟಿಗಷ್ಟೇ ಅಲ್ಲ, ತಗ್ಗಿನಲ್ಲಿರೋ ಕ್ಲಬ್ ರಸ್ತೆಗೂ ನೀರಿರಲ್ಲ. ಆಗ ನಾನು ನಿಂತ ಕಾಲಲ್ಲಿ ಜಲಸೂತ್ರ ಹಾಕಬೇಕಾಗತ್ತೆ.”

“ಹಾಕ್ರಿ. ನನ್ನ ಜವಾಬ್ದಾರಿ ಅಂತ ಬರದು ಕೊಡ್ತೀನಿ. ಎದ್ದ ಏಳತೈತಿ ಸರ್. ಇಷ್ಟ ವರ್ಷ ಪ್ರತಿ ದಶಮಿಗೂ ಎದ್ದೈತಿ. ಮಲಗಾಕ ಬಿಡದಾವ್ರು ನಾವು.”

ಅವಳ ದನಿಯಲ್ಲಿ ಬೇಡಿಕೆ ಇರಲಿಲ್ಲ. ಬಹುಶಃ ಅದಕ್ಕೇ ಅವನು ಒಪ್ಪಿದ.

ಮಂಗಳವಾರ ಗೊತ್ತಾಯಿತು. ಹಿಂದಿನ ದಿನ ಆಟೊವೊಂದು ಮೈಕು ಕಟ್ಟಿಕೊಂಡು ಊರು ಸುತ್ತಿತು: ನಾಳೆ ನೀರು ಬರುವುದಿಲ್ಲ, ನಡುವೆ ಚೂರು ಬಂದು ಹೋದರೆ ಯಾರೂ ಗಾಬರಿಯಾಗಬಾರದು. ಕ್ಲಬ್ ರಸ್ತೆಯಿಂದ ಫೋನುಗಳು ಬಂದವು. ಖಣಿ ಪ್ಲಾಟಿನಿಂದ ಒಂದೂ ಬರಲಿಲ್ಲ. ನೀರು ಬರುವುದಿಲ್ಲ ಎಂಬುದು ಅಲ್ಲಿ ಸುದ್ದಿಯಾಗಿರಲಿಲ್ಲ.

ಮಂಗಳವಾರ ಮುಂಜಾನೆ ಇಂಚರಾ ಧೃತಿಗೆ ಜಡೆ ಹಾಕಿ, ಡಬ್ಬಿ ಕಟ್ಟಿ, ಶಾಲೆಗೆ ಬಿಟ್ಟು ಕಂಟ್ರೋಲ್ ರೂಮಿಗೆ ಬಂದಳು. ದಾದಾಪೀರ್ ಖಣಿ ಪ್ಲಾಟಿನ ದೊಡ್ಡ ವಾಲ್ವಿನ ಗುಂಡಿಯಲ್ಲಿ ಇಳಿದಿದ್ದ. ಪೈಪಿಗೆ ಕಬ್ಬಿಣದ ಸಲಾಕೆಯ ಒಂದು ತುದಿ, ಕಿವಿಗೆ ಇನ್ನೊಂದು ತುದಿ. ಫೋನು ತೆರೆದಿಟ್ಟಿದ್ದ. ಊರಿನ ವಾಲ್ವುಗಳೆಲ್ಲ ಮುಚ್ಚಿದವು. ಸಮರ್ಥ್ ಅವಳ ಪಕ್ಕದಲ್ಲಿ ನಿಂತ.

ಅವಳು ಒಂದು ಕೀಲಿ ಒತ್ತಿದಳು. ಕವಚ ಗಂಟಿಗೆ ಕರೆಂಟು ಹೋಯಿತೆಂದು ಹೇಳಿತು.

ಪರದೆ ಕಪ್ಪಾಯಿತು. ಅಖಂಡ ಬಂದ ಮೇಲೆ ಆ ಕೋಣೆಯಲ್ಲಿ ಯಾವ ಪರದೆಯೂ ಕಪ್ಪಾಗಿರಲಿಲ್ಲ. ಸಮರ್ಥ್ ತನಗೇ ತಿಳಿಯದೆ ಒಂದು ಹೆಜ್ಜೆ ಹಿಂದೆ ಸರಿದ. ಚೂರು ಹೊತ್ತು ಬಿಟ್ಟು ಅವಳು ಇನ್ನೊಂದು ಕೀಲಿ ಒತ್ತಿದಳು. ಕರೆಂಟು ಬಂತು. ಹಸಿರು ಅಕ್ಷರಗಳು ಒಂದೊಂದಾಗಿ ಮೂಡಿದವು, ಹಳೆಯ ದಪ್ಪ ಅಕ್ಷರಗಳು: ‘ನೆನಪು ಖಾಲಿ. ಊರು ನೋಡುತ್ತಿದ್ದೇನೆ.’

“ಇದು ಹೀಗೆ ಮಾತಾಡುತ್ತಾ?” ಎಂದ ಸಮರ್ಥ್.

“ನಾನೂ ಇವತ್ತ ನೋಡಿದ್ದು.”

ಅಗಸಿ ಓಣಿಯ ವಾಲ್ವು ತಟ್ಟನೆ ತೆರೆದು ಮುಚ್ಚಿತು. ನಕ್ಷೆಯಲ್ಲಿ ಅಲೆ ಓಡಿತು, ಮರಳಿತು. ಹೊಸ ಅಂಕೆ ಬಿತ್ತು. ಗೌಳೇರ ಓಣಿ. ಕ್ಲಬ್ ರಸ್ತೆ. ಕ್ಲಬ್ ರಸ್ತೆಯ ಅಲೆ ಬಹಳ ಸೊರಗಿ ಬಂತು. ಎರಡು ವರ್ಷದಲ್ಲಿ ಅಲ್ಲಿ ಎದ್ದ ಹೊಸ ಬಡಾವಣೆಯ ಕವಲುಗಳು ಒತ್ತಡವನ್ನೆಲ್ಲ ನುಂಗುತ್ತಿದ್ದವು. ಗಂಟಿಗೆ ಈವರೆಗೆ ಗೊತ್ತಿರದಿದ್ದ ಸುದ್ದಿ ಅದು. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಒಂದೇ ಹೆಸರು.

ಖಣಿ ಪ್ಲಾಟಿನ ವಾಲ್ವು ತೆರೆಯಿತು. ಅಲೆ ಹೋಯಿತು. ಮರಳಲಿಲ್ಲ.

ಗಂಟಿ ಕಾಯುತ್ತಿತ್ತು. ವಾಲ್ವನ್ನು ಯಾಕೋ ಮುಚ್ಚದೆ, ನೀರು ಬಿಡುತ್ತಲೇ, ಕಾಯುತ್ತಿತ್ತು.

“ಪೈಪು ಖಾಲಿ ಐತಿ,” ಎಂದಳು ಇಂಚರಾ ಮೆಲ್ಲಗೆ. “ತುಂಬಿದ ಮ್ಯಾಲನ ತಟ್ಟಿ ನೋಡೂದು. ಖಾಲಿ ಇದ್ರ ಮದಲ ತುಂಬಸ್ರಿ ಅಂತ ಕಲಿಸ್ಯಾರ ಇದಕ್ಕ.”

ಆಗ ಪರದೆಯ ಮೇಲೆ ಅಖಂಡದ ಬಿಳಿ ಚೌಕ ಬಂತು: ‘ನೀರುಗಂಟಿ ಉತ್ತರಿಸುತ್ತಿಲ್ಲ. ಹಿಂದಿನ ಪ್ರತಿಯಿಂದ ಎಬ್ಬಿಸಲಾಗುವುದು.’ ಕೆಳಗೆ ಚಿಕ್ಕದಾಗಿ ‘ಕಾಯಿರಿ’ ಎಂಬ ಗುಂಡಿ.

ಇದನ್ನು ಅವಳು ಯೋಚಿಸಿರಲಿಲ್ಲ. ಅಖಂಡದಲ್ಲಿ ಮಾತಾಡದೆ ಕೂತ ಪ್ರೋಗ್ರಾಂ ಎಂದರೆ ಸತ್ತ ಪ್ರೋಗ್ರಾಂ. ಅಖಂಡ ಗಂಟಿಯ ನಿನ್ನೆಯ ಪ್ರತಿಯನ್ನು ತಂದು ಕೂರಿಸುತ್ತದೆ. ಹಳೆಯ ನೆನಪು ಹಾಗೇ ಮರಳುತ್ತದೆ. ಮುಂಜಾನೆಯಿಂದ ಕಲಿತದ್ದೆಲ್ಲ ಹೋಗುತ್ತದೆ. ‘ಕಾಯಿರಿ’ ಒತ್ತಲು ಮಂಡಳಿಯವರ ಹೆಬ್ಬೆರಳು ಬೇಕು.

ಅವಳು ಸಮರ್ಥನ ಮುಖ ನೋಡಿದಳು. ಅವನು ಒತ್ತಿದ. ಚೌಕ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಮತ್ತೆ ಒತ್ತಿದ. ಮೂರನೆಯ ಸಲ ಬಂದಾಗ ಅಕ್ಷರಗಳು ಕೆಂಪಾಗಿದ್ದವು, ಅವನ ಹೆಸರೂ ಹುದ್ದೆಯೂ ಕೆಳಗಿದ್ದವು.

“ಇದಾದ ಮೇಲೆ ವಿವರಣೆ ಕೇಳ್ತಾರೆ ಮೇಡಂ ನನ್ನನ್ನ,” ಎಂದ. “ಇನ್ನೆಷ್ಟು ಹೊತ್ತು?”

“ಗೊತ್ತಿಲ್ರೀ. ನೀರು ದಿಬ್ಬ ಹತ್ತಬೇಕು.”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಸಮರ್ಥ್ ಫೋನಿನತ್ತ ಬಾಗಿದ. “ದಾದಾಪೀರ್ ಅವರೇ, ಏನ್ ಕೇಳಿಸ್ತಿದೆ?”

“ಗಾಳಿ ಸಾಹೇಬ್ರ. ಸೀಟಿ ಹೊಡದಂಗ.”

“ಅಂದ್ರೆ?”

“ಅಂದ್ರ ಹಿಂದ ಯಾರೋ ದಬ್ಬಾಕತ್ತಾರ ಅಂತ. ಸುಮ್ಮಸುಮ್ಮನ ಗಾಳಿ ಹೊರಗ ಹೊಂಡೂದಿಲ್ಲಲ್ರೀ.”

ಸಮರ್ಥ್ ಹೆಬ್ಬೆರಳು ಒತ್ತಿದ. ಒತ್ತಿ ಕೈ ತೆಗೆಯದೆ ಹಾಗೇ ನಿಂತ, ಮತ್ತೆ ಚೌಕ ಬಂದರೆ ಅಲ್ಲೇ ಇರಲಿ ಎಂಬಂತೆ.

ಫೋನಿನಲ್ಲಿ ದಾದಾಪೀರನ ಉಸಿರು, ದೂರದಲ್ಲೆಲ್ಲೋ ಒಂದು ಕೋಳಿ. ಆಮೇಲೆ ಅವನೆಂದ: “ಸೀಟಿ ದಪ್ಪ ಆತ್ರೀ.” ಇನ್ನೂ ಸ್ವಲ್ಪ ಹೊತ್ತಿಗೆ: “ಸೀಟಿ ನಿಂತಬಿಡ್ತು.” ಇಂಚರಾ ಮೇಜಿನ ಅಂಚು ಹಿಡಿದಳು. ಆಮೇಲೆ ದನಿ ಬದಲಾಯಿತು. “ಬಂತ ನೋಡ್ರಿ ಮೇಡಮ್ಮಾರ. ಪೈಪು ತಣ್ಣಗಾತು.”

ವಾಲ್ವು ಮುಚ್ಚಿ, ತಟ್ಟನೆ ತೆರೆದು, ಮತ್ತೆ ಮುಚ್ಚಿತು. ಅಲೆ ಹೋಯಿತು. ದಿಬ್ಬ ಹತ್ತಿ, ತುದಿ ಮುಟ್ಟಿ, ಇಳಿದು ಬಂತು. ಖಣಿ ಪ್ಲಾಟಿನ ಮುಂದೆ ಹೊಸ ಅಂಕೆ ಬಿತ್ತು.

ಗಂಟಿ ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ಹೊಸ ಸರದಿ ಬರೆದು ತೋರಿಸಿತು. ಮುಂಜಾನೆ ದೊಡ್ಡ ಟ್ಯಾಂಕು ತುಂಬಿ ತುಳುಕುವ ಹೊತ್ತು, ಎಲ್ಲರಿಗಿಂತ ಮೊದಲು, ಖಣಿ ಪ್ಲಾಟು. ಒತ್ತಡ ಇಳಿದ ಮೇಲೂ ನೀರು ಎಟುಕುವ ಕ್ಲಬ್ ರಸ್ತೆ ಕೊನೆಗೆ.

“ತಲೆಕೆಳಗು ಮಾಡಿಬಿಡ್ತಲ್ಲ,” ಎಂದ ಸಮರ್ಥ್.

“ತಲಿ ಮ್ಯಾಲ ಇದ್ದಾವ್ರಿಗೆ ಮದಲ ಕೊಡಬೇಕಲ್ರೀ ನೀರು. ಕೆಳಗ ಅದು ತಾನ ಹೋಗತೈತಿ.”

ಅವನು ಹೊಸ ಸರದಿಯನ್ನು ಮೇಲಿನಿಂದ ಕೆಳಗೆ ಇನ್ನೊಮ್ಮೆ ಓದಿದ. ಆಮೇಲೆ ಹೊರಗೆ ಹೋಗಿ ತನ್ನ ಕಚೇರಿಗೆ ಫೋನು ಮಾಡಿದ. ಬಾಗಿಲು ತೆರೆದಿತ್ತು, ಮಾತು ಕೇಳುತ್ತಿತ್ತು. ಬೇರೆ ಊರುಗಳಲ್ಲಿ ಕಾರಣ ತಿಳಿಯದೆ ಕೆಟ್ಟವು ಎಂದು ಕೈಬಿಟ್ಟ ಹಳೆಯ ಪ್ರೋಗ್ರಾಂಗಳ ಹೆಸರು ಒಂದೊಂದಾಗಿ ಹೇಳುತ್ತಿದ್ದ. ಅಳಿಸಬೇಡಿ ಎನ್ನುತ್ತಿದ್ದ. ಮೊದಲು ಒಂದು ಸಲ ಮಲಗಿಸಿ ಎಬ್ಬಿಸಿ ನೋಡೋಣ ಎನ್ನುತ್ತಿದ್ದ.

* * *

ಬುಧವಾರ ಮುಂಜಾನೆ ಕಂಟ್ರೋಲ್ ರೂಮಿನಲ್ಲಿ ಇಂಚರಾ ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ, ಫೋನು ಬಡಿದುಕೊಂಡಿತು. ಖಣಿ ಪ್ಲಾಟಿನಿಂದ. ಇಟ್ಟ ಕೂಡಲೇ ಇನ್ನೊಂದು, ಅದೂ ಅಲ್ಲಿಂದಲೇ. ದಾದಾಪೀರ್ ಒಂದು ಫೋನು, ಅವಳು ಒಂದು ಫೋನು ಹಿಡಿದರೂ ಮುಗಿಯಲಿಲ್ಲ. ಸಮರ್ಥ್ ವರದಿ ಬರೆಯುವುದನ್ನು ಬಿಟ್ಟು ಕೇಳುತ್ತ ಕೂತ.

ಮತ್ತೆ ಫೋನು. ಇಂಚರಾ ಎತ್ತಿದಳು.

“ನೀರಿನ ಆಫೀಸೇನ್ರೀ? ನಾ ಖಣಿ ಪ್ಲಾಟಿನಿಂದ ಮಾತಾಡೂದು. ನಮ್ಮ ನಳದ ತೋಟಿ ಹಾರಿಹೋತ್ರೀ, ನೀರಿನ ರಭಸಕ್ಕ. ಫಿಟ್ಟರ್ ಕಳಸ್ರಿ.”

ದನಿ ಕೇಳಿ ಇಂಚರಾಳ ತುಟಿಯ ತುದಿ ಸಡಿಲಿತು. “ಅತ್ತಿ, ನಾನ ಮಾತಾಡೂದು.”

“ಯಾರರೆ ಇರ್ರಿ. ಫಿಟ್ಟರ್ ಕಳಸ್ರಿ ಲಗೂನ.”

“ನಿಮ್ಮ ಓಣ್ಯಾಗ ಎಲ್ಲಾರ ತೋಟೀನೂ ಹಾರ್ಯಾವ್ರೀ. ಸರದಿ ಪ್ರಕಾರ ಬರ್ತಾರ.”

“ಅಲ್ಲೀತನಕ ಏನ ಮಾಡ್ಲಿ?”

“ಬಕೀಟು ಇಡ್ರಿ.”

“ಇಟ್ಟಿದ್ದೆ,” ಎಂದಳು ಸ್ವಪ್ನಕ್ಕ. ಅವಳ ಹಿಂದೆ ಧೃತಿ ನಗುವುದೂ, ನೀರು ಕಲ್ಲಿಗೆ ಬಡಿಯುವುದೂ ಕೇಳುತ್ತಿತ್ತು. “ಎಲ್ಲಾ ತುಂಬ್ಯಾವು.”